ಗೆರೆ ದಾಟಿದ ಮೇಲೆ

ಜೂನ್ ೨೩, ಸೋಮವಾರ

ಕತ್ತು ಎಡಕ್ಕೆ ತಿರುಗುತ್ತಿಲ್ಲ. ಬಲಕ್ಕೆ ತಿರುಗುತ್ತದೆ. ಹಾಗಾಗಿ ಇವತ್ತು ನಾಗರಬಾವಿ ಸರ್ಕಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿ ಇಡೀ ಮೈಯನ್ನೇ ತಿರುಗಿಸಿ ಹಿಂದೆ ನೋಡಬೇಕಾಯಿತು. ಪಕ್ಕಕ್ಕೆ ಬಂದ ಆಟೋದವನು, "ಏನ್ ಮೇಡಂ, ಮೆರವಣಿಗೆ ನೋಡ್ತಾ ಇದೀರಾ? ಹೋಗಿ ಮುಂದೆ" ಎಂದ. ಬೈಯೋಣವೆಂದರೆ ಅವನಿದ್ದದ್ದು ಎಡಗಡೆ.

ಬೆಳಿಗ್ಗೆ ನಾನು ಕಲಿಸುವ ಬಸವೇಶ್ವರನಗರದ ಶಾಲೆಯಲ್ಲಿ ಪ್ರಾರ್ಥನೆ, ಎರಡು ಪಿ.ಟಿ. ಪಿರಿಯಡ್. ಆಮೇಲೆ ಕೆಂಗೇರಿಯ ಕಾಲೇಜು ಮೈದಾನದಲ್ಲಿ ಭಾರತ ಮಹಿಳಾ ರಗ್ಬಿ ತಂಡದ ಶಿಬಿರ. ತಂಡದಲ್ಲಿ ಮನೆಯಿಂದ ಓಡಾಡುವವಳು ನಾನೊಬ್ಬಳೇ. ಉಳಿದವರು ಒಡಿಶಾ, ಬಿಹಾರ, ಬಂಗಾಳ, ಮಹಾರಾಷ್ಟ್ರದ ಹುಡುಗಿಯರು, ಹಾಸ್ಟೆಲ್ಲಿನಲ್ಲಿದ್ದಾರೆ. ಮಧ್ಯಾಹ್ನ ಅವರಿಗೆ ನಿದ್ದೆಯಿದೆ, ನನಗೆ ಮೈಸೂರು ರಸ್ತೆಯಿದೆ.

ಅರ್ಧ ದಿನದ ರಜೆ ಕೇಳಲು ಹೆಡ್‌ಮಿಸ್ ಕಮಲಾಕ್ಷಮ್ಮನವರ ಮುಂದೆ ನಿಂತಾಗ ಅವರು ಕನ್ನಡಕ ತೆಗೆದು ಕೇಳಿದರು.

"ಇದು ಯಾವ ದೇಶದ ತಂಡ ಚೇತನಾ?"

"ನಮ್ಮ ದೇಶದ್ದೇ ಮೇಡಂ."

"ಅಂದ್ರೆ, ಇಂಡಿಯಾ ಇಂಡಿಯಾನಾ?"

"ಹೌದು ಮೇಡಂ."

"ಟೀವಿಲಿ ಬರೋದೇ ಇಲ್ವಲ್ಲಮ್ಮ."

ಟೀವಿಯಲ್ಲಿ ಬಾರದ್ದು ನನ್ನ ತಪ್ಪೆಂಬಂತೆ ತಲೆ ತಗ್ಗಿಸಿದೆ. ಆ ಕೆಲಸವೂ ಸರಿಯಾಗಿ ಆಗಲಿಲ್ಲ, ಕತ್ತು ಬಗ್ಗಲಿಲ್ಲ. ರಜೆಯೇನೋ ಕೊಟ್ಟರು.

ಜೂನ್ ೨೬, ಗುರುವಾರ

ಕೋಚ್ ಅರುಣ್ ಕುಮಾರ್ ಸಾರ್ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದರು. ಕೆಂಗೇರಿಯಲ್ಲಿ ನಡೆಯುವುದು ಮೂರು ದೇಶಗಳ ಪಂದ್ಯಾವಳಿ. ನಾವು ಕೊನೆಯ ಸ್ಥಾನಕ್ಕೆ ಬಿದ್ದರೆ ನಮ್ಮ ಈ ಹದಿನೈದು ಜನರ ತಂಡವನ್ನು ಸದ್ಯಕ್ಕೆ ಕಟ್ಟುವುದಿಲ್ಲವಂತೆ. ಏಳು ಜನರ ರಗ್ಬಿಗಷ್ಟೇ ಗಮನ. ಒಲಿಂಪಿಕ್ಸಿನಲ್ಲಿರುವುದು ಅದೇ ತಾನೆ.

ಏಳು ಜನರದ್ದು ಓಡುವವರ ಆಟ. ಜಿಂಕೆಗಳಿಗೆ ಸರಿ. ನಾನು ಎಂಬತ್ತೆರಡು ಕೆ.ಜಿ., ಸ್ಕ್ರಮ್ಮಿನ ಮೊದಲ ಸಾಲಿನವಳು. ಸ್ಕ್ರಮ್ ಎಂದರೇನೆಂದು ಅಮ್ಮನಿಗೆ ನೂರು ಸಲ ವಿವರಿಸಿದ್ದೇನೆ: ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು, ಮಧ್ಯದ ಚೆಂಡಿಗಾಗಿ ತಳ್ಳಾಡುವುದು. ಅಮ್ಮ ಪ್ರತಿ ಸಲವೂ, "ಅದ್ಯಾಕೆ, ಕೇಳಿದ್ರೆ ಕೊಡಲ್ವಾ?" ಎನ್ನುತ್ತಾಳೆ.

ನನಗೆ ಮೂವತ್ಮೂರು. ಈ ತಂಡ ಮುಚ್ಚಿದರೆ ಮತ್ತೆ ತೆರೆಯುವಷ್ಟರಲ್ಲಿ ನಾನು ಮೆಟ್ಟಿಲು ಹತ್ತಲೂ ಯೋಚಿಸುವ ಹೆಂಗಸಾಗಿರುತ್ತೇನೆ. ಈಗಲೂ ಯೋಚಿಸುತ್ತೇನೆ. ಆದರೂ ಇದು ಮುಗಿಯುವುದು ಬೇಡ. ಇಷ್ಟು ಸುಸ್ತಾಗುತ್ತದೆ, ದಿನಾ ಬೈದುಕೊಳ್ಳುತ್ತೇನೆ, ಆದರೂ ಮುಗಿಯುವುದು ಬೇಡ.

ಜೂನ್ ೨೯, ಭಾನುವಾರ

ಹಾಸ್ಟೆಲ್ ಊಟ ಸಾಕಾಗಿದೆ ಎಂದು ಮಿನತಿಯನ್ನು ಮನೆಗೆ ಕರೆತಂದೆ. ಒಡಿಶಾದವಳು, ಸ್ಕ್ರಮ್ಮಿನಲ್ಲಿ ನನ್ನ ಪಕ್ಕದಲ್ಲೇ ತೂರಿಕೊಳ್ಳುವವಳು. ಇಪ್ಪತ್ನಾಲ್ಕು ವರ್ಷ, ಗಿಡ್ಡ, ಕಾಲಿಗೆ ಚಕ್ರ. ಅಮ್ಮ ಬಸ್ಸಾರು, ಮುದ್ದೆ ಮಾಡಿದ್ದಳು. ಮಿನತಿ ಮುದ್ದೆಯನ್ನು ಅಗಿಯತೊಡಗಿದಳು. ಅಪ್ಪ ಒಂದೆರಡು ತುತ್ತು ಸಹಿಸಿಕೊಂಡರು. ಆಮೇಲೆ ಅವರಿಂದ ಆಗಲಿಲ್ಲ.

"ಅಗೀಬಾರ್ದು ಕಣವ್ವಾ, ನುಂಗು, ನುಂಗು!"

ಅಪ್ಪ ಶ್ರೀಗಂಧದ ಕಾವಲಿನ ಕೃಷ್ಣಪ್ಪ. ಈ ಬಡಾವಣೆಯಲ್ಲಿ ಹೊಲಗಳಿದ್ದ ಕಾಲದಲ್ಲಿ ಕಬಡ್ಡಿಯಲ್ಲಿ ಹೆಸರು ಮಾಡಿದವರು. ಈಗ ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಮನೆಯಾಗಿ, ಅವರು ಬಾಡಿಗೆದಾರರ ನೀರಿನ ಮೋಟಾರ್ ಆನ್ ಮಾಡುವ ಓನರ್ ಆಗಿದ್ದಾರೆ. ನನಗೆ ಕಬಡ್ಡಿ ಕಲಿಸಿದ್ದು ಅವರೇ. ಯೂನಿವರ್ಸಿಟಿ ತಂಡದವರೆಗೂ ಹೋದೆ. ಆಮೇಲೊಬ್ಬರು ಕೋಚ್ ನನ್ನ ಭುಜ ನೋಡಿ ರಗ್ಬಿಗೆ ಎಳೆದುಕೊಂಡರು. ಏಳು ವರ್ಷವಾಯಿತು, ಅಪ್ಪ ಒಂದು ಪಂದ್ಯಕ್ಕೂ ಬಂದಿಲ್ಲ. "ಉಸಿರು ಕಟ್ದೆ ಆಡೋದೂ ಒಂದ್ ಆಟವಾ" ಎಂಬುದು ಅವರ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಮಿನತಿಯೂ ಮೊದಲು ಕಬಡ್ಡಿಯವಳೆಂದು ಗೊತ್ತಾದದ್ದೇ ತಡ, ಅಪ್ಪ ಎದ್ದು ಪಂಚೆ ಎತ್ತಿ ಕಟ್ಟಿದರು. ಹಾಲಿನಲ್ಲಿ ಸೋಫಾ ಸರಿಸಿ, ನೆಲದ ಟೈಲ್ಸಿನ ಗೆರೆಯನ್ನೇ ನಡುಗೆರೆ ಮಾಡಿಕೊಂಡು, ಅರವತ್ತಾರು ವರ್ಷದ ಮನುಷ್ಯ ಇವಳ ಕಣಕಾಲು ಹಿಡಿದರು. ಅವಳು ಒದ್ದಾಡಿ, ಹೊಟ್ಟೆಯ ಮೇಲೆ ಜಾರಿ, ಬೆರಳ ತುದಿಯಿಂದ ಗೆರೆ ಮುಟ್ಟಿದಳು.

"ಗೆರೆ ಮುಟ್ಬುಟ್ಲು! ಜೀವ ಇದೆ ಇವ್ಳಿಗೆ!" ಎಂದು ಅಪ್ಪ ಚಪ್ಪಾಳೆ ತಟ್ಟಿದರು. ಅವರಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಬಾರದು. ನಾನು ತಟ್ಟೆ ತೊಳೆಯುತ್ತಿದ್ದೆ.

ಹೊರಡುವಾಗ ಮಿನತಿ, "ಅಂಕಲ್, ಹಮಾರಾ ಮ್ಯಾಚ್ ದೇಖ್ನೇ ಆಯಿಯೇ" ಎಂದು ಪಂದ್ಯಕ್ಕೆ ಕರೆದಳು.

"ಬತ್ತೀನಿ ಕಣವ್ವ, ಯಾಕ್ ಬರಲ್ಲ" ಎಂದರು ಅಪ್ಪ. ಅಷ್ಟೇ. ಏಳು ವರ್ಷದ ಮುನಿಸು ಒಂದು ಮುದ್ದೆಗೆ ಮುಗಿಯಿತು.

ಆಮೇಲೆ ಅಮ್ಮನ ಬಳಿ ರೇಗಿದೆ. ಅಮ್ಮ ಒಲೆ ಒರೆಸುತ್ತ, "ನೀನ್ ಯಾವತ್ ಕರ್ದಿದ್ದೆ?" ಎಂದಳು.

ಕರೆಯುವುದೇನು, ಮದುವೆಯೇ? ಬರಬೇಕೆನಿಸಿದವರು ಬರುತ್ತಾರೆ. ನನಗಂತೂ ಬಂದರೂ ಒಂದೇ, ಬಿಟ್ಟರೂ ಒಂದೇ.

ಜುಲೈ ೪, ಶುಕ್ರವಾರ

ಮಳೆ. ಸ್ಕ್ರಮ್. ಮಳೆ. ಸ್ಕ್ರಮ್.

ಕತ್ತಿಗೆ ಮುಲಾಮು ಹಚ್ಚೆಂದು ಅಮ್ಮನನ್ನು ಕರೆದರೆ ಅಪ್ಪ ಬಂದರು. ಕೈ ಮರಳು ಕಾಗದದಂತಿದೆ. ಕೂತಲ್ಲೇ ನಿದ್ದೆ ಹೋದೆನಂತೆ.

ಜುಲೈ ೯, ಬುಧವಾರ

ಮೊದಲ ಪಂದ್ಯ ಸೋತೆವು. ಸೋತೆವು ಎನ್ನುವುದು ದೊಡ್ಡ ಮಾತು. ಹೆಚ್ಚುಕಡಿಮೆ ಅವರ ಅಭ್ಯಾಸಕ್ಕೆ ಸಹಾಯ ಮಾಡಿದೆವು. ನೋಡಲು ಬಂದಿದ್ದವರು ಕಾಲೇಜಿನ ವಾಚ್‌ಮನ್, ಒಂದಷ್ಟು ಹಾಸ್ಟೆಲ್ ಹುಡುಗರು, ಎರಡು ನಾಯಿ. ರಾಷ್ಟ್ರಗೀತೆಗೆ ನಾಯಿಗಳೂ ಎದ್ದು ನಿಂತವು, ಅಷ್ಟಾದರೂ ಮರ್ಯಾದೆ ಸಿಕ್ಕಿತು.

ಭಾನುವಾರದ್ದೇ ಎಲ್ಲ. ಎದುರಾಳಿ ಒಂದು ಪುಟ್ಟ ದ್ವೀಪ ದೇಶ. ನಮ್ಮ ವಿಜಯನಗರದಷ್ಟೂ ಜನ ಅಲ್ಲಿಲ್ಲವಂತೆ. ಅವರೂ ಮೊದಲ ಪಂದ್ಯ ಸೋತಿದ್ದಾರೆ. ಗೆದ್ದರೆ ತಂಡ ಉಳಿಯುತ್ತದೆ. ಸೋತರೆ ಇಲ್ಲ.

ಜುಲೈ ೧೨, ಶನಿವಾರ

ಅಪ್ಪ ಟೆಂಪೋ ಗೊತ್ತು ಮಾಡಿದ್ದಾರೆ! ಆಷಾಢ ನೋಡಿ, ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕಾವಲಿನವರಿಗೆಲ್ಲ ಪುರುಸೊತ್ತು. ಅಪ್ಪನ ಹಳೆಯ ಕಬಡ್ಡಿ ಜೊತೆಗಾರ ಶಿವಬಸಪ್ಪನವರ ಮುಂದಾಳತ್ವದಲ್ಲಿ ಇಡೀ ಬೀದಿಯೇ ಹೊರಟಿದೆ.

"ತಮಟೆ ಹೇಳಿದೀವಿ" ಎಂದರು ಶಿವಬಸಪ್ಪ.

"ಅಯ್ಯೋ ತಮಟೆ ಬೇಡ ಮಾವ, ಅಲ್ಲೆಲ್ಲಾ ಹಂಗಿಲ್ಲ."

"ಹೋಗ್ಲಿ, ಬಾಯೇ ತಮಟೆ ಮಾಡ್ಕೊಂತೀವಿ ಬಿಡು" ಎಂದರು ಅಪ್ಪ.

ಆಟದ ನಿಯಮ ಹೇಳಿಕೊಡಲೇ ಎಂದು ಕೇಳಿದೆ. "ನಾವ್ ಆಟ ನೋಡ್ದೋರಲ್ವೇನಮ್ಮ, ನೋಡ್ತಾ ನೋಡ್ತಾ ಗೊತ್ತಾಯ್ತದೆ" ಎಂದರು. ನಾನೂ ಒತ್ತಾಯಿಸಲಿಲ್ಲ. ಮಲಗಬೇಕು.

ನಾಳೆ ನೀಲಿ ಜೆರ್ಸಿ. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಾಳೆ. ತೊಳೆದರೆ ಹೋಗುತ್ತದೋ ಇಲ್ಲವೋ.

ಜುಲೈ ೧೩, ಭಾನುವಾರ

ಸೋತೆವು. ನನ್ನಿಂದ.

ಜುಲೈ ೧೪, ಸೋಮವಾರ

ಶಾಲೆಗೆ ಹೋಗಲಿಲ್ಲ. ಬರೆದು ಮುಗಿಸಿಬಿಡುತ್ತೇನೆ.

ನಾವು ಹನ್ನೆರಡು, ಅವರು ಹದಿನೈದು. ಎಂಬತ್ತು ನಿಮಿಷ ಮುಗಿದಿತ್ತು. ಆದರೆ ಚೆಂಡು ನಮ್ಮ ಬಳಿಯಿತ್ತು, ಚೆಂಡು ನಿಲ್ಲುವವರೆಗೆ ಆಟ ನಿಲ್ಲುವುದಿಲ್ಲ. ಅವರ ಗೆರೆ ಒಂದೇ ಮಾರು ದೂರ. ಮಿನತಿ ಚೆಂಡನ್ನು ನನ್ನ ಹೊಟ್ಟೆಗೆ ಒತ್ತಿದಳು. ನಾನು ತಲೆ ತಗ್ಗಿಸಿ ನುಗ್ಗಿದೆ. ಹಿಂದಿನಿಂದ ನಮ್ಮವರೆಲ್ಲ ತಳ್ಳಿದರು. ಯಾರೋ ನನ್ನ ಕಾಲು ಹಿಡಿದರು. ಬಿದ್ದೆ, ಬಿದ್ದಲ್ಲೇ ತೆವಳಿದೆ, ಗೆರೆ ಕಣ್ಣ ಮುಂದೆ ಬೆಳ್ಳಗಿತ್ತು.

ಬಲಗೈ ಚಾಚಿ ಗೆರೆಯಾಚೆ ನೆಲ ಮುಟ್ಟಿದೆ. ಕಾಲು ಕೊಡವಿಕೊಂಡು ಮೈಯನ್ನೂ ಆಚೆ ಎಳೆದುಕೊಂಡೆ. ಎದ್ದು ನಿಂತು ಕೈ ಮೇಲೆತ್ತಿದೆ.

ಚೆಂಡು ಎಡಗಂಕುಳಲ್ಲೇ ಇತ್ತು.

ರಗ್ಬಿಯಲ್ಲಿ ಗೆರೆ ದಾಟಿದರೆ ಸಾಲದು. ಚೆಂಡನ್ನು ನೆಲಕ್ಕೆ ಒತ್ತಬೇಕು. ಆಗಷ್ಟೇ ಐದು ಅಂಕ. ಎಂಟನೇ ಕ್ಲಾಸಿನ ಹುಡುಗಿಯರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೇನೆ. ಏಳು ವರ್ಷ ಆಡಿದ್ದೇನೆ. ಆದರೆ ಕಾಲು ಹಿಡಿದಾಗ ಕೈ ಚಾಚಿ ಗೆರೆ ಮುಟ್ಟಬೇಕೆಂದು ನನ್ನ ಮೈಗೆ ಎಂಟನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ತಲೆ ಕೆಲಸ ನಿಲ್ಲಿಸಿದ ಮೇಲೆ ಮೈ ತನಗೆ ಗೊತ್ತಿರುವುದನ್ನು ಮಾಡಿತು. ಅವರ ಹುಡುಗಿಯೊಬ್ಬಳು ಬಂದು ನನ್ನ ಕಂಕುಳಿಂದ ಚೆಂಡನ್ನು ಕಿತ್ತು ತಾನೇ ನೆಲಕ್ಕೆ ಒತ್ತಿದಳು. ರೆಫ್ರಿ ಸೀಟಿ ಊದಿದರು. ಆಟ ಮುಗಿಯಿತು.

ತಿರುಗಿ ನೋಡಿದರೆ ಕಾವಲಿನವರು ಇನ್ನೂ ಕುಣಿಯುತ್ತಿದ್ದಾರೆ. ಶಿವಬಸಪ್ಪ ಟವೆಲ್ ಬೀಸುತ್ತಿದ್ದಾರೆ, ಅಪ್ಪ ಎರಡೂ ಕೈ ಎತ್ತಿ ಎಗರುತ್ತಿದ್ದಾರೆ. ಗೆರೆ ಮುಟ್ಟಿದಳಲ್ಲ, ಮತ್ತಿನ್ನೇನು! ಇಡೀ ಮೈದಾನದಲ್ಲಿ ಗೆದ್ದೆವೆಂದುಕೊಂಡವರು ನಾನು ಮತ್ತು ನನ್ನ ಬೀದಿಯವರು ಮಾತ್ರ.

ಅಣ್ಣ ದರ್ಶನ್ ಹೋಗಿ ಅವರಿಗೆ ಹೇಳಿದ. ಕೈಗಳು ಒಂದೊಂದಾಗಿ ಇಳಿದವು. ಅದನ್ನು ನೋಡಲಾಗಲಿಲ್ಲ.

ವಾಪಸಾಗುವಾಗ ಟೆಂಪೋದಲ್ಲಿ ಅಪ್ಪ, "ಹೋಗ್ಲಿ ಬಿಡವ್ವ, ಆಟದಲ್ಲಿ ಸೋಲು ಗೆಲುವು" ಎಂದು ಶುರು ಮಾಡಿದರು. ನನಗೆ ತಲೆಗೇರಿತು.

"ನೀವೆಲ್ಲಾ ಹಂಗ್ ಕೂಗಿದ್ರೆ ಯಾರಿಗ್ ತಾನೆ ಮುಗೀತು ಅನ್ಸಲ್ಲ? ಆಟ ಗೊತ್ತಿಲ್ದೋರು ಯಾಕ್ ಬರ್ಬೇಕಿತ್ತು?"

ಟೆಂಪೋ ಉಲ್ಲಾಳದ ಬಳಿ ಹಂಪ್ ಹಾರಿತು. ಅಪ್ಪ ಕಿಟಕಿ ಕಡೆ ತಿರುಗಿಕೊಂಡರು.

ಜುಲೈ ೧೬, ಬುಧವಾರ

ಶಾಲೆಗೆ ಹೋದೆ. ಕಮಲಾಕ್ಷಮ್ಮನವರು, "ಮುಗೀತಾ ಚೇತನಾ? ಇನ್ಮೇಲೆ ಪೂರ್ತಿ ದಿನ ಬರ್ಬೋದಲ್ವಾ?" ಎಂದರು. ಹೌದು ಮೇಡಂ, ಮುಗಿಯಿತು.

ಮಿನತಿಯನ್ನು ರೈಲು ಹತ್ತಿಸಿ ಬಂದೆ. ಅವಳು ಬಯ್ಯಲಿಲ್ಲ. ತಾನೂ ಮೊದಲ ವರ್ಷ ಎರಡು ಸಲ ಹಾಗೇ ಮಾಡಿದ್ದೆ, ಆದರೆ ನೋಡುವವರಿರಲಿಲ್ಲ ಎಂದಳು. ಏಳು ಜನರ ತಂಡದ ಶಿಬಿರಕ್ಕೆ ಅವಳಿಗೆ ಕರೆ ಬಂದಿದೆ. ಬಾರದೆ ಏನು, ಕಾಲಿಗೆ ಚಕ್ರವಿದೆ. ಸಂತೋಷಪಟ್ಟೆ. ಹೊಟ್ಟೆಕಿಚ್ಚೂ ಪಟ್ಟೆ. ರೈಲು ಹೋದ ಮೇಲೆ ಅತ್ತೆ. ಕಾಫಿ ಮಾರುವವನು ಅಳು ಮುಗಿಯುವವರೆಗೆ ಕಾದು, "ಅಕ್ಕ, ಕಾಫಿ?" ಎಂದ. ಕುಡಿದೆ.

ಅರುಣ್ ಕುಮಾರ್ ಸಾರ್ ಫೋನ್ ಮಾಡಿದ್ದರು. ಹದಿನೈದು ಜನರ ತಂಡ ಇಲ್ಲ ಎಂದರು. ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾವಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಿನಸಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಗೇಟಿನ ಮುಂದೆ. ಹೌದು, ಬರಲಿಲ್ಲ. ತುತ್ತನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದೆ.

ಜುಲೈ ೧೭, ಗುರುವಾರ

ಅಪ್ಪನಿಗೆ ಗಂಟಲೇ ಇಲ್ಲ. ಭಾನುವಾರದಿಂದಲೂ ಉಸಿರಿನಲ್ಲೇ ಮಾತು. ಅಮ್ಮ ಅರಿಶಿನದ ಹಾಲು, ಮೆಣಸಿನ ಕಷಾಯ ಎಲ್ಲ ಮಾಡಿದಳು. ಮನೆಯಲ್ಲಿ ನಾವಿಬ್ಬರೂ ಎದುರಾಗದಂತೆ ಓಡಾಡುತ್ತಿದ್ದೇವೆ. ನಾನು ಊಟಕ್ಕೆ ಕೂತರೆ ಅವರಿಗೆ ಮೋಟಾರ್ ನೆನಪಾಗುತ್ತದೆ.

ಇವತ್ತು ದರ್ಶನ್ ಹೇಳಿದ.

"ಅಪ್ಪ ಕಟ್ಟೆ ಮೇಲೆ ಏನ್ ಹೇಳ್ಕೊಂಡ್ ಕೂತಿದಾರೆ ಗೊತ್ತಾ? ಯಾರಾದ್ರೂ ನಿನ್ ಸುದ್ದಿ ಎತ್ತಿದ್ರೆ ಸಾಕು, ನನ್ ಮಗಳ್ದೇನೂ ತಪ್ಪಿಲ್ಲ, ನಾನೇ ಕೂಗಿ ಕೆಡಿಸ್ದೆ ಅಂತಾರೆ. ಶಿವಬಸಪ್ಪ ನಾನೂ ಕೂಗ್ದೆ ಅಂದ್ರೆ, ಇಲ್ಲ, ನಿಂದಲ್ಲ, ನನ್ ದನಿಗೇ ಅವ್ಳು ಎದ್ ನಿಂತಿದ್ದು ಅಂತ ಜಗಳಕ್ ಹೋಗ್ತಾರೆ."

ಕೂಗಿದ್ದು ನಿಜ ತಾನೆ.

ಜುಲೈ ೧೯, ಶನಿವಾರ

ಕೂಗಿದ್ದು ನಿಜ. ಕೇಳಿಸಿದ್ದು ನಿಜವಲ್ಲ.

ಇಲ್ಲಿ ಯಾರೂ ನೋಡುವುದಿಲ್ಲವಾದ್ದರಿಂದ ಬರೆಯುತ್ತೇನೆ. ಸ್ಕ್ರಮ್ಮಿನಲ್ಲಿ ಕಿವಿ ಉಜ್ಜಿ ಊದಿಕೊಳ್ಳುತ್ತದೆಂದು ನಾವು ಮೊದಲ ಸಾಲಿನವರು ಕಿವಿಯ ಮೇಲೆ ಪಟ್ಟಿ ಸುತ್ತಿ, ಅದರ ಮೇಲೆ ದಪ್ಪ ಟೋಪಿ ಕಟ್ಟಿಕೊಳ್ಳುತ್ತೇವೆ. ಕೊನೆಯ ಹೊತ್ತಿಗೆ ನನ್ನ ಉಸಿರಿನ ಸದ್ದು ಬಿಟ್ಟರೆ ತಲೆಯೊಳಗೆ ಏನೂ ಇರಲಿಲ್ಲ. ಬೀದಿಯವರು ಕೂಗಿದ್ದು ನನಗೆ ಗೊತ್ತಾದದ್ದು ಅವರು ಎಗರುವುದನ್ನು ನೋಡಿದ ಮೇಲೆ. ಅಷ್ಟರಲ್ಲಿ ಚೆಂಡು ಹೋಗಿತ್ತು.

ಟೆಂಪೋದಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅಪ್ಪ ಅದನ್ನು ಎತ್ತಿಕೊಂಡು ಬೀದಿಯೆಲ್ಲ ಹೊತ್ತು ತಿರುಗುತ್ತಿದ್ದಾರೆ. ನಾನು ಇಳಿಸದಿದ್ದರೆ ಅವರು ಇಳಿಸುವುದಿಲ್ಲ, ಮೊಂಡು.

ನಾಳೆ ಹೇಳಬೇಕು. ನಾಳೆ ಎಂದು ನಿನ್ನೆಯೂ ಅಂದುಕೊಂಡಿದ್ದೆ. ಒಂದು ಮಾತಿಗೆ ಇಷ್ಟು ಆಯಾಸ.

ಜುಲೈ ೨೦, ಭಾನುವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಅಮ್ಮ ಚಂದ್ರಾ ಲೇಔಟಿನ ಚಿಕ್ಕಮ್ಮನ ಮನೆಗೆ ಹೋದಳು. ಅಪ್ಪ ಹಾಲಿನಲ್ಲಿ ಟೀವಿ ಹಾಕಿಕೊಂಡಿದ್ದರು. ನಾನು ಬಂದದ್ದು ನೋಡಿ ಮೋಟಾರಿಗೆಂದು ಏಳಲು ಹೊರಟರು.

"ಟ್ಯಾಂಕ್ ತುಂಬಿದೆ ಅಪ್ಪ. ಕೂತ್ಕೊಳಿ."

ಕೂತರು.

"ಇನ್ಮೇಲೆ ಹಂಗೆಲ್ಲಾ ಹೇಳ್ಕೊಂಡು ಓಡಾಡ್ಬೇಡಿ. ನೀವು ಕೂಗಿದ್ದಕ್ಕಲ್ಲ ಅದು ಆಗಿದ್ದು."

"ಸಮಾಧಾನ ಮಾಡ್ಬೇಡ ಬಿಡವ್ವ." ದನಿ ಇನ್ನೂ ಒಡಕು. "ನಾನ್ ಕೂಗಿದ್ದು ನಂಗ್ ಗೊತ್ತಿಲ್ವಾ? ಎದೆ ಹರಿಯಂಗೆ ಕೂಗ್ದೆ. ಅದಕ್ಕೇ ನೀನು ಎದ್ದೆ."

"ಕೂಗಿರ್ತೀರಿ ಅಪ್ಪ. ನಂಗೆ ಕೇಳಿಸ್ಲೇ ಇಲ್ಲ. ಕಿವಿಗೆ ಪಟ್ಟಿ, ಮೇಲೆ ಟೋಪಿ. ಟೆಂಪೋದಲ್ಲಿ ಸಿಟ್ಟಿಗೆ ಅಂದಿದ್ದು, ಸುಳ್ಳು ಅದು. ತಪ್ಪು ಪೂರ್ತಿ ನಂದೇ."

ಮುಖ ಹಗುರಾಗುತ್ತದೆ ಎಂದುಕೊಂಡಿದ್ದೆ. ವಾರದಿಂದ ಹೊತ್ತದ್ದು ಇಳಿಯಿತಲ್ಲ. ಆದರೆ ಅವರು ರಿಮೋಟನ್ನು ಆ ಕೈಯಿಂದ ಈ ಕೈಗೆ ಹಾಕಿಕೊಂಡರು.

"ಕೊನೇಲಿ ಕೇಳಿಸ್ಲಿಲ್ವಾ?"

"ಇಲ್ಲ ಅಪ್ಪ."

"ಮೊದ್ಲಲ್ಲಿ? ಆ ದಪ್ಪನ್ ಹುಡ್ಗೀನ ನೀನು ಎತ್ತಿ ಕೆಡವಿದೆಯಲ್ಲ, ಆಗ? ನಾನು ಬೆಂಚ್ ಮೇಲೆ ಹತ್ತಿ ನಿಂತ್ಕಂಡಿದ್ದೆ."

"ಆಗ್ಲೂ ಇಲ್ಲ."

"ಒಂದ್ಸಲಾನೂ ಇಲ್ವೇನಮ್ಮ?"

ಎಂಬತ್ತು ನಿಮಿಷ ಕೂಗಿ ಗಂಟಲು ಕಳೆದುಕೊಂಡ ಮನುಷ್ಯ. ಏಳು ವರ್ಷದಲ್ಲಿ ಬಂದದ್ದು ಒಂದೇ ಪಂದ್ಯಕ್ಕೆ. ಇನ್ನು ಕರೆಯೋಣವೆಂದರೆ ಪಂದ್ಯವೇ ಇಲ್ಲ. ತಪ್ಪು ತಮ್ಮದೆಂದುಕೊಂಡಾಗ ಅವರಿಗೆ ಇಷ್ಟು ನೋವಾಗಿರಲಿಲ್ಲ ಎಂದು ಆಗ ಗೊತ್ತಾಯಿತು. ಕೊನೆಯಲ್ಲಿ ಸ್ವಲ್ಪ ಕೇಳಿಸಿತು ಎಂದು ಒಂದು ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೂ ಬಂತು. ಹೇಳಲಿಲ್ಲ.

ಟೀವಿ ಆರಿಸಿ ಅವರ ಪಕ್ಕದಲ್ಲಿ ಕೂತೆ.

"ಏನಂತ ಕೂಗಿದ್ರಿ?"

"ಏನೇನೋ ಕೂಗ್ದೆ. ಈಗ್ಯಾಕೆ ಅದು."

"ಹೇಳಿ ಅಪ್ಪ. ಕೇಳ್ಬೇಕು ನಂಗೆ."

ಅವರು ನನ್ನತ್ತ ತಿರುಗಿ ಕೂತು, ಇಲ್ಲದ ಗಂಟಲನ್ನು ಒಂದೆರಡು ಸಲ ಕೆಮ್ಮಿ ಸರಿಮಾಡಿಕೊಂಡರು.

"ಮೊದ್ಲಿಂದ ಹೇಳ್ಲಾ?"

"ಹ್ಞೂಂ, ಮೊದ್ಲಿಂದ್ಲೇ ಹೇಳಿ" ಎಂದೆ.